ಮೊದಲಿನ ಹಾಳೆ

ಕುರ್ಚಿಯನ್ನು ಎಳೆದು ಬಾಗಿಲಿಗೆ ಅಡ್ಡ ಹಾಕಿ ಕೂತುಬಿಟ್ಟೆ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಮೊಬೈಲು ಹಿಡಿದು ಹೊರಗೆ ಹೊರಟಿದ್ದ ಡೀನ್ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ಗಕ್ಕನೆ ನಿಂತರು. ಲೋಟ ತುಳುಕಿ ಟೀ ಅವರ ಬೆರಳ ಮೇಲೆ ಬಿತ್ತು. ಸುಟ್ಟವರ ಹಾಗೆ ಬೆರಳನ್ನು ಬಾಯಿಗಿಟ್ಟುಕೊಂಡರು. ಅದು ಸುಡುತ್ತಿರಲಿಲ್ಲ. ಆ ಟೀ ಬಂದಾಗಿನಿಂದ ನಾನು ಅಲ್ಲೇ ನಿಂತಿದ್ದೆ, ಅದು ತಣ್ಣಗಾಗಿದ್ದು ನನಗೆ ಗೊತ್ತಿತ್ತು.

"ಏಳಮ್ಮ. ಸಮಾಧಾನ," ಎಂದರು.

ವಿದ್ಯಾರ್ಥಿ ನಡತೆ ವಿಭಾಗದ ಡೀನ್ ಅವರು. ಬೆನ್ನ ಹಿಂದೆ ಇಡೀ ಕಾಲೇಜು ಅವರನ್ನು ಸಮಾಧಾನ ಸರ್ ಎಂದೇ ಕರೆಯುತ್ತದೆ. ಕಾಪಿ ಹೊಡೆದು ಸಿಕ್ಕಿಬಿದ್ದವನಿಗೂ ಸಮಾಧಾನ, ಹೊಡೆತ ತಿಂದು ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದವನಿಗೂ ಸಮಾಧಾನ. ಮನೆಗೆ ಬೆಂಕಿ ಬಿದ್ದರೂ ಈ ಮನುಷ್ಯ ಮೊದಲು ಬೆಂಕಿಗೆ ಸಮಾಧಾನ ಹೇಳುತ್ತಾರೆ, ಆಮೇಲೆ ನೀರು ಹುಡುಕುತ್ತಾರೆ.

ನನ್ನ ನಡತೆ ಸರ್ಟಿಫಿಕೇಟು ಕೊಟ್ಟರೆ ಏಳುತ್ತೇನೆ ಎಂದೆ. ಸೋಮವಾರ ಆಸ್ಪತ್ರೆಯಲ್ಲಿ ನಮ್ಮ ಎಕ್ಸ್‌ರೇ ತರಬೇತಿ ಶುರು. ಆ ಒಂದು ಕಾಗದ ಇಲ್ಲದವರನ್ನು ಆಸ್ಪತ್ರೆಯವರು ಒಳಗೆ ಬಿಡುವುದಿಲ್ಲ. ನನ್ನ ಜಾಗ ಸಾಲಿನಲ್ಲಿರುವ ಮುಂದಿನವರಿಗೆ ಹೋಗುತ್ತದೆ, ನನ್ನ ವರ್ಷ ಮಣ್ಣುಪಾಲಾಗುತ್ತದೆ. ಇದನ್ನು ಅವರಿಗೆ ಎಷ್ಟು ಸಲ ಹೇಳಿದ್ದೆನೋ. ಅವರೂ ಅಷ್ಟೇ ಸಲ, ಅದೇ ದನಿಯಲ್ಲಿ, ನನ್ನ ಪ್ರಕರಣ ಇನ್ನೂ ಮುಗಿದಿಲ್ಲ ಎಂದಿದ್ದರು.

ಹೇಗೆ ಮುಗಿದಿಲ್ಲ? ಶಿಕ್ಷೆ ಕೊಟ್ಟರು, ಅನುಭವಿಸಿದೆ. ಸುಧಾರಣಾ ತರಗತಿಗಳಿಗೆ ಕೂರಿಸಿದರು, ಒಂದನ್ನೂ ತಪ್ಪಿಸದೆ ಕೂತೆ. ಆದರೆ ತರಗತಿಗೆ ಮೊದಲು ಒಂದು ಪ್ರಶ್ನೆಗಳ ಹಾಳೆ ತುಂಬಿಸಿಕೊಳ್ಳುತ್ತಾರೆ, ಎಲ್ಲ ಮುಗಿದ ಮೇಲೆ ಅದೇ ಹಾಳೆಯನ್ನು ಇನ್ನೊಮ್ಮೆ ಕೊಡುತ್ತಾರೆ. ಎರಡರ ನಡುವೆ ಅಂಕ ಏರಿದರೆ ವಿದ್ಯಾರ್ಥಿ ಸುಧಾರಿಸಿದ ಎಂದು ಪ್ರಕರಣ ಮುಚ್ಚುತ್ತಾರೆ. ನನ್ನದು ಇಳಿದಿತ್ತು.

"ನೀನು ಬಂದಾಗ ಚೆನ್ನಾಗೇ ಇದ್ದೆ," ಎಂದರು ಸಮಾಧಾನ ಸರ್, ಬಹಳ ಬೇಸರದಿಂದ. "ಹೋಗೋವಾಗ ಕೆಟ್ಟಿದ್ದೀಯ. ಇದನ್ನ ನಾನು ಹೇಗೆ ಮುಚ್ಚಲಿ, ನೀನೇ ಹೇಳು."

ಅವರು ತಮಾಷೆ ಮಾಡುತ್ತಿರಲಿಲ್ಲ. ಅದೇ ನನಗೆ ಮೈ ಉರಿಸಿದ್ದು.

ನಾನು ಮಾಡಿದ ಅಪರಾಧವನ್ನೂ ಹೇಳಿಬಿಡುತ್ತೇನೆ. ನಮ್ಮ ಹಾಸ್ಟೆಲಿನ ಹಿಂಬಾಗಿಲಿಗೆ, ಬೆಂಕಿ ಬಿದ್ದರೆ ಓಡಲೆಂದೇ ಇಟ್ಟ ಬಾಗಿಲಿಗೆ, ಸರಪಳಿ ಸುತ್ತಿ ಬೀಗ ಜಡಿದಿದ್ದರು. ಒಂದು ಸಂಜೆ ಕೆಳಗಿನ ಪ್ಯಾಂಟ್ರಿಯಲ್ಲಿ ಯಾರದೋ ಕೆಟಲ್ ಸುಟ್ಟು ಮೆಟ್ಟಿಲ ತುಂಬ ಹೊಗೆ ತುಂಬಿತು. ಮೇಲಿನ ಮಹಡಿಯವರೆಲ್ಲ ಆ ಹಿಂಬಾಗಿಲಿಗೆ ಓಡಿ ಒಬ್ಬರ ಮೇಲೊಬ್ಬರು ಬಿದ್ದೆವು. ಮುಂದಿದ್ದವರು ಸರಪಳಿ ಹಿಡಿದು ಜಗ್ಗುತ್ತಿದ್ದರು, ಹಿಂದಿದ್ದವರು ಅವರನ್ನು ತಳ್ಳುತ್ತಿದ್ದರು. ನನ್ನ ರೂಮಿನ ಹುಡುಗಿಗೆ ಉಬ್ಬಸ. ಅವಳ ತುಟಿ ನೀಲಿಯಾಗಿದ್ದನ್ನು ನಾನು ನೋಡಿದೆ. ಕಾವಲುಗಾರ ಕೀಲಿ ಹುಡುಕಿ ತರುವಷ್ಟರಲ್ಲಿ ಹೊಗೆ ತಾನಾಗೇ ತೆಳುವಾಗಿತ್ತು. ಬದುಕಿದಳು ಎಂದರೆ ಅವಳ ಪುಣ್ಯ.

ಮರುದಿನ ವಾರ್ಡನ್ ಬಳಿ ಹೋದೆವು. ಸರಪಳಿ ಇರುವುದೇ ನಿಮ್ಮ ರಕ್ಷಣೆಗೆ ಎಂದರು, ಹಿಂಬಾಗಿಲು ತೆರೆದಿಟ್ಟರೆ ಯಾರು ಯಾರು ಒಳಗೆ ನುಗ್ಗುತ್ತಾರೋ ಎಂದರು. ಬರೆದುಕೊಟ್ಟೆವು. ಇನ್ನೊಮ್ಮೆ ಬರೆದುಕೊಟ್ಟೆವು. ಗೋಡೆಗೆ ಹೇಳಿದ್ದರೆ ಅದಾದರೂ ಮಾರ್ದನಿ ಕೊಡುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಸೈಕಲ್ ಶಾಪಿನಿಂದ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡು ತಂದು, ಹಗಲು ಬೆಳಕಿನಲ್ಲಿ, ಎಲ್ಲರ ಎದುರಿಗೇ ಆ ಬೀಗದ ಕೊಂಡಿ ಕೊಯ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಸರಪಳಿ ನೆಲಕ್ಕೆ ಬಿದ್ದ ಸದ್ದಿಗೆ ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯನ್ನೂ ವಾರ್ಡನ್ ದೂರಿನಲ್ಲಿ ಬರೆದರು, ಗುಂಪು ಪ್ರಚೋದನೆ ಎಂದು.

ಈಗ ಆ ಬಾಗಿಲಿಗೆ ಹೊಸ ಸರಪಳಿ ಬಂದಿದೆ. ಮೊದಲಿನದಕ್ಕಿಂತ ದಪ್ಪದ್ದು.

ಕುರ್ಚಿಯ ಹಿಂದೆ ಬಾಗಿಲು ಮೆಲ್ಲನೆ ತೆರೆದು ನನ್ನ ಬೆನ್ನಿಗೆ ತಾಗಿತು. ನನ್ನ ಅಕ್ಕ. ಅದೇ ವಿಭಾಗದಲ್ಲಿ, ಗಾಜಿನ ಗೋಡೆಯ ಆಚೆ, ಅಂಕಿಅಂಶದ ಕೆಲಸ ಅವಳದು. ಆ ಹಾಳೆಗಳ ಅಂಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ನಮ್ಮಂಥ ಬೇರೆ ಕಾಲೇಜುಗಳ ಸುಧಾರಣಾ ಕಾರ್ಯಕ್ರಮಗಳ ಜೊತೆ ನಮ್ಮದನ್ನು ಹೋಲಿಸಿ, ಬಣ್ಣಬಣ್ಣದ ಕೋಷ್ಟಕ ಮಾಡುವವಳು ಅವಳೇ. ನಾನು ಅವಳ ತಂಗಿ ಎಂದು ಸಮಾಧಾನ ಸರ್‌ಗೆ ಗೊತ್ತು. ಆದರೆ ಗೊತ್ತಿಲ್ಲದ ಹಾಗೆ ಮೂವರೂ ನಡೆದುಕೊಳ್ಳುತ್ತಿದ್ದೆವು.

"ನೀವು ಸ್ವಲ್ಪ ಏಳ್ತೀರಾ," ಎಂದಳು ಅಕ್ಕ ನನಗೆ. ಹುಟ್ಟಿದಾಗಿನಿಂದ ನನ್ನ ತಲೆ ಬಾಚಿದವಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಮರ್ಯಾದೆಯಾಗಿ ಎದ್ದೇಳೇ, ಮನೇಲಿ ಮಾತಾಡೋಣ," ಎಂದಳು.

ಎದ್ದೆ. ಸಮಾಧಾನ ಸರ್ ಲೋಟ ಹಿಡಿದುಕೊಂಡೇ ಪಾರಾದರು.

*

ಅಮ್ಮ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕೆಲಸ ಹೆಚ್ಚಿದ್ದಾಗ ಮನೆಗೂ ತರುತ್ತಾಳೆ. ಹಾಗಾಗಿ ನಮ್ಮ ಊಟದ ಮೇಜಿನ ಒಂದು ಮೂಲೆಯಲ್ಲಿ ಯಾರದೋ ದವಡೆ ಯಾವಾಗಲೂ ಬಾಯಿ ತೆರೆದುಕೊಂಡು ಕೂತಿರುತ್ತದೆ. ನಾನು ಹಾಸ್ಟೆಲಿಗೆ ಹೋಗದೆ ಮನೆಗೆ ಬಂದ ಆ ಸಂಜೆಯೂ ಒಂದು ಇತ್ತು. ಅಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಸಣ್ಣ ಬ್ರಶ್ಶಿನಿಂದ ಅದರ ಹಲ್ಲಿಗೆ ಬಣ್ಣ ಕೊಡುತ್ತಿದ್ದಳು.

ಅಕ್ಕ ತಟ್ಟೆಗಳನ್ನು ಬದಿಗೆ ಸರಿಸಿ ನನ್ನ ಮುಂದೆ ಒಂದು ಹಾಳೆ ಇಟ್ಟಳು. ಖಾಲಿಯದಲ್ಲ, ಪೆನ್ಸಿಲಿನಲ್ಲಿ ತುಂಬಿದ್ದು. ಮೊದಲಿನ ಹಾಳೆಯನ್ನು ಹೊಸದಾಗಿ ಬರೆದುಕೊಡಬಹುದಂತೆ. ಆವತ್ತು ನಾನು ಗಾಬರಿಯಲ್ಲಿದ್ದೆ, ಪ್ರಶ್ನೆ ಸರಿಯಾಗಿ ಓದಲಿಲ್ಲ ಎಂದು ಒಂದು ಸಾಲು ಸೇರಿಸಿದರೆ ಸಾಕಂತೆ. ಮೊದಲಿನ ಅಂಕ ಕೆಳಗೆ ಹೋದರೆ ನಂತರದ್ದು ತಾನಾಗೇ ಮೇಲೆ ಕಾಣುತ್ತದೆ. ಪ್ರಕರಣ ಬಂದ್, ಸರ್ಟಿಫಿಕೇಟು ಕೈಗೆ. ಸಮಾಧಾನ ಸರ್ ಒಪ್ಪಿಯಾಗಿದೆ, ಪೆನ್ನಿನಲ್ಲಿ ತಿದ್ದಿ ಸಹಿ ಹಾಕುವುದಷ್ಟೇ ಬಾಕಿ.

"ಅಂದ್ರೆ ಮೊದಲು ನಾನು ಕೆಟ್ಟವಳಾಗಿದ್ದೆ ಅಂತ ಬರ್ಕೊಡಬೇಕು."

ಅಕ್ಕ ತಲೆ ಚಚ್ಚಿಕೊಂಡಳು. ಕೆಟ್ಟವಳಲ್ಲ, ಮಧ್ಯಮ ಎಂದಳು. ಕಾಲೇಜುಗಳನ್ನು ಹೋಲಿಸಿ ನೋಡಲು ಹೊರಗಿನಿಂದ ಒಬ್ಬ ಮೇಡಂ ನಾಳೆ ಬರುತ್ತಾರೆ, ಈ ಸಲ ಎರಡೂ ಹಾಳೆ ಪೂರ್ತಿ ಮಾಡಿದವರೇ ಬೆರಳೆಣಿಕೆಯಷ್ಟು ಜನ, ಅದರಲ್ಲಿ ನಾನೊಬ್ಬಳು ಪಾತಾಳಕ್ಕೆ ಇಳಿದು ಇಡೀ ಕಾಲೇಜಿನ ಸರಾಸರಿಯನ್ನೇ ಕಾಲು ಹಿಡಿದು ಎಳೆದಿದ್ದೇನೆ ಎಂದಳು. ನಮ್ಮದು ಈಗ ಕಡೆಯಿಂದ ಎರಡನೆಯ ಕಾರ್ಯಕ್ರಮ. ನನ್ನದೊಂದು ಸರಿಹೋದರೆ ಮೇಲಿನ ಸಾಲಿಗೆ ಬರುತ್ತದೆ. ಬಂದರೆ ವಿಭಾಗಕ್ಕೆ ಮಾನ್ಯತೆ, ಅಕ್ಕನ ಕೆಲಸ ಕಾಯಂ. ಕೊನೆಯದನ್ನು ಅವಳು ಹೇಳಲಿಲ್ಲ. ಅಮ್ಮ ಹೇಳಿದಳು, ಹಲ್ಲಿನಿಂದ ಕಣ್ಣೆತ್ತದೆ.

ಬೇರೆ ಕಾಲೇಜಿನವರು ಅಷ್ಟೊಂದು ಜನರನ್ನು ಹೇಗೆ ಸುಧಾರಿಸುತ್ತಾರೆ ಎಂದು ಕೇಳಿದೆ. ನಿಜವಾಗಿಯೂ ತಿಳಿಯಬೇಕಿತ್ತು.

ಅಕ್ಕ ನಕ್ಕಳು. ಆ ನಗುವಿನಲ್ಲಿ ಅವಳಿಗೂ ಸಿಟ್ಟಿತ್ತು. "ಅವರು ಜಾಣರು. ವಿಚಾರಣೆ ಮುಗಿದು ಹೊರಗೆ ಕಾಲಿಟ್ಟ ತಕ್ಷಣ ಮೊದಲಿನ ಹಾಳೆ ಕೊಡ್ತಾರೆ. ಹುಡುಗ್ರು ಆಗ ಕುದೀತಿರ್ತಾರೆ, ಎಲ್ಲದಕ್ಕೂ ಒಪ್ಪಲ್ಲ ಒಪ್ಪಲ್ಲ ಅಂತ ಗೀಚ್ತಾರೆ. ಎರಡು ತಿಂಗಳು ಬಿಟ್ಟು ಕೇಳಿದ್ರೆ ಯಾರಾದ್ರೂ ತಣ್ಣಗಾಗಿರ್ತಾರೆ. ಆಯ್ತಲ್ಲ, ಸುಧಾರಣೆ. ನಮ್ಮ ದಡ್ಡರು ಒಂದು ವಾರ ಬಿಟ್ಟು, ಊಟ ಆದ್ಮೇಲೆ, ಫ್ಯಾನಿನ ಕೆಳಗೆ ಕೂರಿಸಿ ಕೊಟ್ರು."

"ಹಾಗಾದ್ರೆ ಆ ಕೋಷ್ಟಕ ಸುಳ್ಳು."

"ಕೋಷ್ಟಕ ಸುಳ್ಳಲ್ಲ. ಕೊಟ್ಟಿದ್ದನ್ನ ಕೂಡಿಸುತ್ತೆ, ಅಷ್ಟೇ."

ಹಾಳೆ ಓದಿದೆ. 'ಸುತ್ತಲಿನವರ ಸುರಕ್ಷತೆಗೆ ನಾನೂ ಹೊಣೆ.' ಅವತ್ತು ನಾನು ಪೂರ್ತಿ ಒಪ್ಪುತ್ತೇನೆ ಎಂದು ಗುರುತು ಹಾಕಿದ್ದೆ. ಒಪ್ಪಿದ್ದರಿಂದಲೇ ತಾನೆ ಬೀಗ ಕೊಯ್ದದ್ದು? ಅಕ್ಕ ಅದನ್ನು 'ಅಷ್ಟಾಗಿ ಒಪ್ಪುವುದಿಲ್ಲ'ಕ್ಕೆ ಇಳಿಸಿದ್ದಳು. 'ತಪ್ಪು ಕಂಡಾಗ ಸುಮ್ಮನಿರಬಾರದು.' ಅದೂ ಇಳಿದಿತ್ತು. 'ಕಾಲೇಜು ನನ್ನ ಮಾತನ್ನು ಕೇಳಿಸಿಕೊಳ್ಳುತ್ತದೆ.' ನನ್ನ ಅಂಕ ಬಿದ್ದದ್ದು ಇಂಥ ಪ್ರಶ್ನೆಗಳಲ್ಲೇ. ಮೊದಲು ಕೇಳಿದಾಗ, ಶಿಕ್ಷೆಯಾದ ಮೇಲೂ, ಪೂರ್ತಿ ಒಪ್ಪುತ್ತೇನೆ ಎಂದಿದ್ದೆ. ತರಗತಿ ಮುಗಿಯುವ ಹೊತ್ತಿಗೆ ಒಪ್ಪುವುದೇ ಇಲ್ಲ ಎಂದಿದ್ದೆ. ಕಾರ್ಯಕ್ರಮದಿಂದ ನಾನು ಕಲಿತದ್ದು ಅದೊಂದೇ. ಆ ತರಗತಿಯಲ್ಲಿ ನಷ್ಟ ಅನುಭವಿಸಿದವರಿಗೆ ಕ್ಷಮಾಪಣೆ ಪತ್ರ ಬರೆಯಿರಿ ಎಂದರು. ಯಾರಿಗೆ ಎಂದು ಕೇಳಿದೆ. ಕೌನ್ಸೆಲರ್ ತಡಕಾಡಿ ತಡಕಾಡಿ, ಬೀಗದ ಒಡೆಯರು ಎಂದರೆ ಕಟ್ಟಡ ನಿರ್ವಹಣಾ ವಿಭಾಗ, ಅದಕ್ಕೇ ಬರಿ ಎಂದರು. ಬರೆದೆ. ಬೀಗ ಕೊಯ್ದಿದ್ದಕ್ಕೆ ಕ್ಷಮಿಸಿ, ಆದರೆ ಬಾಗಿಲು ಯಾವಾಗ ತೆರೆಯುತ್ತೀರಿ ಎಂದು ಕೇಳಿದೆ. ಪತ್ರಕ್ಕೆ ಒಳ್ಳೆಯ ಅಂಕ ಬಂತು. ಅದನ್ನು ಯಾರಿಗೂ ಕಳಿಸಲಿಲ್ಲ. ಕಳಿಸುವುದು ಪದ್ಧತಿಯಲ್ಲವಂತೆ.

ಹಾಳೆಯ ಕೆಳಗೆ ಒಂದು ಖಾಲಿ ಜಾಗ ಇರುತ್ತದೆ, ನಿಮ್ಮ ವರ್ತನೆಗೆ ಕಾರಣವೇನು ಎಂದು. ಅಲ್ಲಿ ಅಕ್ಕನ ದುಂಡಗಿನ ಅಕ್ಷರ: 'ನನಗೆ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ. ಎಲ್ಲರೂ ನನ್ನನ್ನೇ ನೋಡಬೇಕು ಎನ್ನುವ ಆಸೆ ಚಿಕ್ಕಂದಿನಿಂದಲೂ ಇದೆ. ಬೀಗ ಒಡೆಯುವಾಗ ಬೇರೆಯವರ ಯೋಚನೆ ನನಗಿರಲಿಲ್ಲ.'

ಎರಡು ಸಲ ಓದಿದೆ. ಯಾವುದೋ ಫೈಲಿನಿಂದ ಎತ್ತಿದ ಮಾತುಗಳಲ್ಲ ಅವು. ನನ್ನನ್ನು ಹತ್ತಿರದಿಂದ ಬಲ್ಲವರು ಮಾತ್ರ ಬರೆಯಬಹುದಾದದ್ದು.

"ಅಕ್ಕ, ಇದು ನೀನು ಕಟ್ಟಿದ್ದಾ, ಇಲ್ಲಾ ನಿನ್ನ ಮನಸ್ಸಲ್ಲಿದ್ದಿದ್ದಾ?"

ಅವಳು ನೀರಿನ ಜಗ್ಗಿಗೆ ಕೈ ಚಾಚಿದಳು. ಲೋಟ ತುಂಬಿಸಿದಳು, ಕುಡಿಯಲಿಲ್ಲ. ಚಿಕ್ಕಂದಿನಲ್ಲಿ ಎದುರು ಮನೆಯವರ ಕಿಟಕಿ ಗಾಜು ಒಡೆದು ತಪ್ಪನ್ನು ಅವಳ ಮೇಲೆ ಹಾಕಿದ್ದೆ ಎಂದು ನೆನಪಿಸಿದಳು. ಅದಕ್ಕೆ ಇದಕ್ಕೆ ಏನು ಸಂಬಂಧ ಎಂದೆ. ಸಂಬಂಧ ಇದೆ ಎಂದಳು. ಯಾವಾಗಲೂ ಒಡೆಯುವವಳು ನಾನು, ಚೂರು ಆರಿಸುವವಳು ಅವಳು. ಬೀಗ ಒಡೆದಾಗ ನನಗೆ ಚಪ್ಪಾಳೆ, ಆಮೇಲೆ ತಂಗಿಯ ಹೆಸರನ್ನು ತನ್ನ ಕೈಯಾರೆ ಕೋಷ್ಟಕಕ್ಕೆ ಏರಿಸಿದವಳು ಅವಳು. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಸಿಟ್ಟು ಕನಿಕರವನ್ನು ಬಾಗಿಲಲ್ಲೇ ನಿಲ್ಲಿಸಿಬಿಟ್ಟಿತ್ತು.

ಅಮ್ಮ ಬ್ರಶ್ಶು ಕೆಳಗಿಟ್ಟಳು. ದವಡೆಯನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದಳು. "ನೋಡಿಲ್ಲಿ ಮರಿ. ಎಲ್ಲಾ ಹಲ್ಲೂ ಬೆಳ್ಳಗೆ ಹೊಳೀತಿದ್ರೆ ಯಾರೂ ನಂಬಲ್ಲ, ಕಟ್ಟಿಸ್ಕೊಂಡಿದ್ದು ಅಂತ ಗೊತ್ತಾಗುತ್ತೆ. ಅದಕ್ಕೇ ಅಲ್ಲಲ್ಲಿ ಸ್ವಲ್ಪ ಹಳದಿ ಹಚ್ಚೋದು. ನೀನೂ ಹಚ್ಚು. ನಿನ್ನ ಗಂಟೇನು ಹೋಗುತ್ತೆ?"

"ನನ್ನ ಹಲ್ಲು ಕಟ್ಟಿಸ್ಕೊಂಡಿದ್ದಲ್ಲಮ್ಮ."

"ಗೊತ್ತು," ಎಂದಳು ಅಮ್ಮ. "ಅದಕ್ಕೇ ಕಚ್ಚುತ್ತೆ."

ಅಕ್ಕನಿಗೆ ನಗು ಬಂತು, ತಡೆದುಕೊಂಡಳು. ನಾನು ತಟ್ಟೆ ಬಿಟ್ಟು ಎದ್ದೆ. ಹಾಳೆಯನ್ನು ಹರಿಯಲಿಲ್ಲ. ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಅಕ್ಕ ಅದನ್ನು ಒಪ್ಪಿಗೆ ಎಂದುಕೊಂಡಳು. ನಾನೂ ಅಲ್ಲ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಏನು ಮಾಡುತ್ತೇನೆಂದು ನನಗೇ ತಿಳಿದಿರಲಿಲ್ಲ. ಆಸ್ಪತ್ರೆಯ ಆ ತರಬೇತಿಯ ಜಾಗ ನನಗೆ ಬೇಕಿತ್ತು, ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

*

ಬೆಳಿಗ್ಗೆ ಸಭೆಗೆ ಕರೆದರು. ಹೋಲಿಕೆಯ ಮೇಡಂ ಬಂದಿದ್ದರು. ಕತ್ತರಿಸಿದ ನೆರೆಗೂದಲು, ಲ್ಯಾಪ್‌ಟಾಪು, ನಗುಮುಖ. ಹೊರಗಿನವರು, ಹಲವು ಕಾಲೇಜುಗಳ ನಡತೆ ವಿಭಾಗಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಲು ಬಂದವರು. ಗೋಡೆಯ ಮೇಲೆ ಅವರ ಕೋಷ್ಟಕ ಬೆಳಗುತ್ತಿತ್ತು. ಹಸಿರು, ಹಳದಿ, ಕೆಂಪು. ಮೂಲೆಯ ಕೆಂಪು ಚೌಕ ನಮ್ಮದು. ಅಕ್ಕ ಒಂದು ಬದಿಗೆ ಕೂತು ಕೀಲಿಮಣೆ ನೋಡುತ್ತಿದ್ದಳು. ಸಮಾಧಾನ ಸರ್ ನನ್ನ ಚೀಲದತ್ತ ಕಣ್ಣು ಹಾಯಿಸಿ ಮುಗುಳ್ನಕ್ಕರು.

ಮೇಡಂ ನನ್ನನ್ನು ಕೂರಿಸಿ, ಭಯಪಡಬೇಡ, ಇದು ನಿನ್ನ ಪರೀಕ್ಷೆಯಲ್ಲ, ಕಾರ್ಯಕ್ರಮದ ಪರೀಕ್ಷೆ ಎಂದರು. ಯಾವ ತರಗತಿ ನನಗೆ ಹೆಚ್ಚು ಉಪಯೋಗವಾಯಿತು ಎಂದು ಕೇಳಿದರು. ಯಾವುದೂ ಇಲ್ಲ ಎಂದೆ. ಅವರು ಅದನ್ನು ಬರೆದುಕೊಂಡರು. ಅಂಕ ಯಾಕೆ ಇಳಿಯಿತು ಎಂದು ಕೇಳಿದರು. ನಾನು ಹೇಳತೊಡಗಿದೆ: ಸರಪಳಿ, ಹೊಗೆ, ನೀಲಿ ತುಟಿ, ವಾರ್ಡನ್, ಆಕ್ಸಾ ಬ್ಲೇಡು, ಕಟ್ಟಡ ವಿಭಾಗಕ್ಕೆ ಬರೆದ ಪತ್ರ, ಈಗಿನ ದಪ್ಪ ಸರಪಳಿ. ಅವರ ಬೆರಳು ಮೊದಮೊದಲು ಓಡುತ್ತಿತ್ತು. ಆಮೇಲೆ ನಿಂತಿತು.

ಬಾಗಿಲು ಈಗಲೂ ಮುಚ್ಚಿದೆಯೇ ಎಂದು ಅವರು ಸಮಾಧಾನ ಸರ್ ಕಡೆ ತಿರುಗಿದರು. ಇದುವರೆಗೆ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ.

ಹಾಸ್ಟೆಲು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದರು ಸಮಾಧಾನ ಸರ್. ನಾವು ನೋಡುವುದು ನಡತೆ ಮಾತ್ರ.

ಮೇಡಂ ತಲೆಯಾಡಿಸಿದರು. ತಮ್ಮ ಅಳತೆಯಲ್ಲೂ ಬಾಗಿಲಿಗೆ ಕಾಲಂ ಇಲ್ಲ ಎಂದರು, ನನ್ನ ಕಡೆ ನೋಡಿ, ತಪ್ಪು ಮಾಡಿದವರ ಹಾಗೆ. ಅಲ್ಲಿಗೆ ಬಾಗಿಲಿನ ಕಥೆ ಮುಗಿಯಿತು. ಅವರ ಮುಖದಲ್ಲಿ ಮತ್ತೆ ನಗು ಕೂತಿತು.

ನಾನು ಚೀಲದಿಂದ ಪೆನ್ಸಿಲಿನ ಹಾಳೆ ತೆಗೆದು ಮೇಜಿನ ಮೇಲೆ ಇಟ್ಟೆ. ಇದನ್ನು ಪೆನ್ನಿನಲ್ಲಿ ತಿದ್ದಿ ಸಹಿ ಹಾಕಿದರೆ ಮೊದಲು ಕೆಟ್ಟವಳಾಗಿದ್ದ ನಾನು ಒಳ್ಳೆಯವಳಾಗುತ್ತೇನಂತೆ ಎಂದೆ. ಅಕ್ಕನ ಹೆಸರು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆ ದುಂಡಗಿನ ಅಕ್ಷರ ಆ ಕೋಣೆಯ ಎಲ್ಲ ಫೈಲುಗಳ ಮೇಲೂ ಇತ್ತು. ಮೇಡಂ ಹಾಳೆ ನೋಡಿದರು, ಫೈಲಿನ ಬೆನ್ನು ನೋಡಿದರು, ಅಕ್ಕನನ್ನು ನೋಡಲಿಲ್ಲ. ಅಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅವಳ ಕತ್ತು ಕೆಂಪಾಗಿತ್ತು. ಅವಳ ಕೆಲಸಕ್ಕೆ ನಾನೇ ಕಲ್ಲು ಹಾಕಿದೆನೇನೋ ಎಂದುಕೊಂಡೆ, ಆದರೂ ಹಾಳೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಸಮಾಧಾನ ಸರ್ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು. ಹುಡುಗಿ ಏನೋ ತಪ್ಪು ತಿಳಿದಿದ್ದಾಳೆ ಎಂದರು. ಮೇಡಂ ವಾದಿಸಲಿಲ್ಲ. ಇದಕ್ಕಿಂತ ಸುಲಭದ ದಾರಿ ಇದೆ ಎಂದರು ಅವರು, ಗಂಟಲು ಸರಿಮಾಡಿಕೊಂಡು. ಗುಂಪಿಗೆ ಹೊಂದದ ಅಂಕ ಎಲ್ಲ ಕಡೆಯೂ ಇರುತ್ತದೆ, ಅದನ್ನು ಎಣಿಕೆಯಿಂದ ಕೈಬಿಡುವುದು ರೂಢಿ. ಆದರೆ ಪ್ರಕರಣ ತೆರೆದಿರುವಾಗ ಕೈಬಿಡಲು ಬರುವುದಿಲ್ಲ, ಪ್ರಕರಣವೇ ಇರಲಿಲ್ಲ ಎಂದಾದರೆ ಬರುತ್ತದೆ. ಅವರು ಇದನ್ನು ನನ್ನ ಮೇಲಿನ ದಯೆಯಿಂದಲೇ ಹೇಳಿದರು. ದಯೆ ಅಷ್ಟು ಅಸಹ್ಯವಾಗಿರಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಮಾಧಾನ ಸರ್ ಮುಖ ಅರಳಿತು. ಪಕ್ಕದ ಕೋಣೆಗೆ ಹೋದರು. ಪ್ರಿಂಟರ್ ಗುರುಗುಟ್ಟುವುದು ಕೇಳಿಸಿತು. ಕಾಯುವಷ್ಟು ಹೊತ್ತೂ ಮೇಡಂ ತಮ್ಮ ಕೋಷ್ಟಕದ ಬಣ್ಣಗಳನ್ನು ನೋಡುತ್ತಿದ್ದರು. ಅಕ್ಕ ಕಿಟಕಿಯಿಂದ ತಿರುಗಲಿಲ್ಲ.

ಎರಡು ಕಾಗದ ಹಿಡಿದು ಬಂದರು ಸರ್. ಒಂದು ದಪ್ಪ ಕಾಗದದ ಸರ್ಟಿಫಿಕೇಟು: ನಡತೆ ಅತ್ಯುತ್ತಮ, ಸಹಿ, ಮೊಹರು, ಎಲ್ಲ. ನಾನು ಬೇಡಿ ಬೇಡಿ ಸುಸ್ತಾದದ್ದು. ಇನ್ನೊಂದರಲ್ಲಿ ಮೂರೇ ಸಾಲು. ಹಾಸ್ಟೆಲಿನ ಹಿಂಬಾಗಿಲ ಬೀಗ ತುಕ್ಕು ಹಿಡಿದು ತಾನಾಗಿ ಮುರಿದಿತ್ತು. ಅದಕ್ಕೆ ಯಾವ ವಿದ್ಯಾರ್ಥಿನಿಯೂ ಕಾರಣಳಲ್ಲ. ಬಾಗಿಲಿನ ವಿಷಯವಾಗಿ ಕೊಟ್ಟಿದ್ದ ದೂರುಗಳನ್ನು ನಾನು ಹಿಂದಕ್ಕೆ ಪಡೆದಿದ್ದೇನೆ. ಕೆಳಗೆ ನನ್ನ ಸಹಿಗೆ ಗೆರೆ.

ಹೊಗೆಯ ಬಗ್ಗೆ, ಆ ಸಂಜೆಯ ಬಗ್ಗೆ ಈ ಕಾಲೇಜಿನಲ್ಲಿ ಎಲ್ಲಾದರೂ ಬರೆದಿಟ್ಟದ್ದಿದ್ದರೆ ನಮ್ಮ ಆ ದೂರುಗಳಲ್ಲಿ ಮಾತ್ರ, ಅವು ಇದ್ದದ್ದು ನನ್ನ ಪ್ರಕರಣದ ಫೈಲಿನಲ್ಲಿ ಮಾತ್ರ. ಸಹಿ ಬಿದ್ದರೆ ಆ ಹೊಗೆಯೂ ಎದ್ದೇ ಇರಲಿಲ್ಲ ಎಂದಾಗುತ್ತದೆ. ಸರಪಳಿ ಮಾತ್ರ ಉಳಿಯುತ್ತದೆ.

"ಬಾಗಿಲು ತೆಗೆಸ್ತೀರಾ?" ಎಂದು ಕೇಳಿದೆ.

"ಹೇಳಿದೆನಲ್ಲಮ್ಮ, ಅದು ನಮ್ಮ ವಿಭಾಗ ಅಲ್ಲ." ಸರ್ಟಿಫಿಕೇಟನ್ನು ನನ್ನ ಕೈಗೆಟುಕುವಷ್ಟು ಮುಂದಕ್ಕೆ ತಳ್ಳಿದರು, ಅದರ ಮೇಲೆ ಪೆನ್ನು ಇಟ್ಟರು. "ನೀನು ಕೇಳಿದ್ದು ಇದೇ ತಾನೆ. ಒಂದು ಸಹಿ ಹಾಕು, ತಗೊಂಡು ಹೋಗು. ಸೋಮವಾರದಿಂದ ನೀನ್ಯಾರೋ ನಾವ್ಯಾರೋ."

"ಸಹಿ ಹಾಕಲ್ಲ," ಎಂದೆ. "ಇದು ನನಗೆ ಬೇಡ."